ಟವೆಲ್ಲಿನಡಿಯ ದರ

ಶರಣಕುಮಾರ ಬಿಸಿನೀರಿನ ಚೊಂಬನ್ನು ಪರಿಚಯದ ಕಲ್ಲೇಶನ ಕೈಗಿಟ್ಟು, ಅಪ್ಪನ ಬಲಗೈಯನ್ನು ಮತ್ತೆ ಎತ್ತಿ ಹಿಡಿದ. ಅಂಗಳದ ಹಲಗೆಯ ಮೇಲೆ ಅಮೃತಪ್ಪನ ದೇಹಕ್ಕೆ ಸ್ನಾನ ನಡೆದಿತ್ತು. ಇನ್ನು ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಬೇಕು. ಎಲ್ಲ ಸುಸೂತ್ರವಾಗಿ ಸಾಗಿದ್ದರೂ ನಿನ್ನೆ ಬಿಗಿದ ಆ ಮುಷ್ಟಿ ಮಾತ್ರ ಬಿಚ್ಚಲೊಲ್ಲದು.

"ಇನ್ನೊಂದೀಟು ಹಾಕ್ರಿ ಅಣ್ಣಾರ, ಸಡಲ ಆಗಬಹುದು," ಎಂದ ಶರಣಕುಮಾರ.

ಕಲ್ಲೇಶ ಹಾಕಿದ. ಮುಖ ಬೇರೆಡೆ ತಿರುಗಿಸಿದ್ದರಿಂದ ಅರ್ಧ ನೀರು ಅವನ ಕಾಲ ಮೇಲೆಯೇ ಬಿತ್ತು. ಪಾಪ, ಎಷ್ಟು ಹಚ್ಚಿಕೊಂಡಿದ್ದ ನೋಡು ಎಂದು ನೆರೆಮನೆಯ ಹೆಂಗಸರು ಮರುಗಿದರು. ಅವನಿಗೆ ಆಗುತ್ತಿದ್ದುದು ದುಃಖವಲ್ಲ, ಹೆದರಿಕೆ. ನಿನ್ನೆ ಆ ಮುಷ್ಟಿಯೊಳಗೆ ಸಿಕ್ಕಿಕೊಂಡಿದ್ದು ಅವನದೇ ಬೆರಳುಗಳು, ಮತ್ತು ಅದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವನು ತಿಳಿದಿದ್ದ.

* * *

ಅಮೃತಪ್ಪ ಭಾಲ್ಕಿ ಕಡೆಯ ದನದ ದಲಾಲಿಯ ಮಗ. ಹೈದರಾಬಾದಿಗೆ ಬಂದು, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಬಾಯ್ಲರ್ ಕಾಯುತ್ತ, ಬಸ್ಸಿನಲ್ಲಿ ತೂಕಡಿಸುತ್ತ ಆಯುಷ್ಯ ಕಳೆದವನು. ಊರಿನದು ಎಲ್ಲ ಬಿಟ್ಟರೂ ಒಂದು ಚಾಳಿ ಬಿಟ್ಟಿರಲಿಲ್ಲ. ಬೆಲೆಯನ್ನು ಬಾಯಿಬಿಟ್ಟು ಹೇಳುವವನಲ್ಲ. ದನದ ಸಂತೆಯಲ್ಲಿ ಮಾಡುವಂತೆ ಕೈಮೇಲೆ ಟವೆಲ್ ಹೊದಿಸಬೇಕು, ಕೊಳ್ಳುವವನು ಅದರಡಿ ಬೆರಳು ಕೊಟ್ಟು ದರ ತಿಳಿಸಬೇಕು. ಒಪ್ಪಿದರೆ ಮಾರುವವನು ಆ ಬೆರಳುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಾನೆ, ಒಲ್ಲದಿದ್ದರೆ ಬಿಟ್ಟುಬಿಡುತ್ತಾನೆ. ಹಳೇ ಸ್ಕೂಟರನ್ನೂ ಹಾಗೆಯೇ ಮಾರಿದ. ಒಮ್ಮೆ ಬದನೆಕಾಯಿಗೂ ಟವೆಲ್ ಬಿಚ್ಚಲು ಹೋಗಿ ತರಕಾರಿಯವಳಿಂದ ತೆಲುಗಿನಲ್ಲಿ ಚೆನ್ನಾಗಿ ಉಗಿಸಿಕೊಂಡಿದ್ದ.

ಅವನ ಮನೆಯಲ್ಲಿದ್ದ ಬೆಲೆಬಾಳುವ ವಸ್ತು ಒಂದೇ, ಒಂದು ಫೋನೋಗ್ರಾಫು. ತಟ್ಟೆಯ ಗ್ರಾಮಫೋನಿಗೂ ಮುಂಚಿನದು. ಮೇಣದ ಉರುಳೆ ತಿರುಗಿಸಿ ಹಾಡಿಸುವ, ಹಿತ್ತಾಳೆಯ ಕಹಳೆ ಇರುವ ಪೆಟ್ಟಿಗೆ. ಯಾವುದೋ ಹಳೇ ಹವೇಲಿ ಕೆಡವುವಾಗ ತಂದಿದ್ದು. ರವಿವಾರ ಬಂದರೆ ಅದಕ್ಕೆ ಎಣ್ಣೆ ಬಿಡುವುದು, ನೆಗಡಿಯಾದವರಂತೆ ಅದು ಹಾಡುವುದು, ಹೆಂಡತಿ ಗದಿಗೆಮ್ಮ ಒಳಗಿನಿಂದ ಬೈಯುವುದು. ಈಚೆಗೆ ಎದೆನೋವು ಶುರುವಾದ ಮೇಲೆ, ತನ್ನ ಹಿಂದೆ ಇದಕ್ಕೆ ಎಣ್ಣೆ ಬಿಡುವವರು ಯಾರು ಎಂಬ ಚಿಂತೆ ಹತ್ತಿ, ಕಲ್ಲೇಶನನ್ನು ಕರೆಸಿದ್ದ.

ಕಲ್ಲೇಶ ಅವನ ಊರ ಕಡೆಯವನೇ, ಕೋಠಿ ಬಜಾರಿನಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿದ್ದ. ಶಂಶಾಬಾದಿನ ಹೊಸ ಹೋಟೆಲಿನವರು ಇಂಥ ಪೆಟ್ಟಿಗೆಗೆ ಎರಡು ಲಕ್ಷ ಕೊಡಲು ತಯಾರಿದ್ದರು. ಒಂದು ಲಕ್ಷಕ್ಕೆ ಕೊಂಡರೆ ಇಬ್ಬರಿಗೂ ನ್ಯಾಯ ಎಂದು ಬಸ್ಸಿನಲ್ಲಿಯೇ ಲೆಕ್ಕ ಹಾಕಿಕೊಂಡಿದ್ದ. ಆದರೆ ವ್ಯಾಪಾರವೆಂದ ಮೇಲೆ ಕೆಳಗಿನಿಂದಲೇ ಹತ್ತಬೇಕಲ್ಲ. ಬೆರಳಿಗೆ ಹತ್ತು ಸಾವಿರ, ಐದು ಮೀರಿದರೆ ಮತ್ತೊಮ್ಮೆ ಬೆರಳು ಕೊಡುವುದು ಎಂದು ಇಬ್ಬರಲ್ಲೇ ಮಾತಾಯಿತು. ಟವೆಲ್ಲಿನಡಿ ಕಲ್ಲೇಶ ನಾಲ್ಕು ಬೆರಳು ಕೊಟ್ಟ. ಮುದುಕ ನಕ್ಕು ಕೈಬಿಡುತ್ತಾನೆ, ಆಮೇಲೆ ಏರಿಸಿದರಾಯಿತು ಎಂದುಕೊಂಡಿದ್ದ.

ಮುಷ್ಟಿ ಬಿಗಿಯಿತು.

"ಒಪ್ಪಿದ್ರೇನ್ರಿ, ಕಾಕಾ?" ಎಂದ ಕಲ್ಲೇಶ, ಹಿಗ್ಗು ತಡೆಯಲಾಗದೆ. ಬಿಗಿ ಇನ್ನೂ ಹೆಚ್ಚಾಯಿತು. ತಲೆಯೆತ್ತಿ ನೋಡಿದರೆ ಅಮೃತಪ್ಪನ ಕಣ್ಣು ಛತ್ತಿನ ಫ್ಯಾನಿನ ಮೇಲೆ ನೆಟ್ಟಿತ್ತು. ಅಡುಗೆಮನೆಯಿಂದ ಗದಿಗೆಮ್ಮ ಚಹಾ ತರುವಷ್ಟರಲ್ಲಿ ಕಲ್ಲೇಶ ಬೆರಳುಗಳನ್ನು ಹೇಗೋ ಕಿತ್ತುಕೊಂಡಿದ್ದ.

* * *

ಮುಷ್ಟಿ ಕಡೆಗೂ ಬಿಚ್ಚಲಿಲ್ಲ. ಲಿಂಗ ಎಡಗೈಯಲ್ಲಿ ಇದ್ದರೆ ಸಾಕು ಎಂದು ಕ್ರಿಯೆಗೆ ಬಂದಿದ್ದ ಅಯ್ಯನವರು ಹೇಳಿದರು. ರುದ್ರಭೂಮಿಯ ಕುಳಿಯಲ್ಲಿ ಅಮೃತಪ್ಪನನ್ನು ಕೂರಿಸಿ ಎಲ್ಲರೂ ಬಿಲ್ವಪತ್ರೆ ಹಾಕಿದರು. ಕಲ್ಲೇಶ ಮಾತ್ರ ಆ ಕೈಯನ್ನೇ ನೋಡುತ್ತಿದ್ದ. ಒಪ್ಪಿ ಹಿಡಿದದ್ದೋ, ಸಾಯುವಾಗ ಹಿಡಿದದ್ದೋ? ಆಯುಷ್ಯಪೂರ್ತಿ ಎಣ್ಣೆ ಬಿಟ್ಟು ಸಾಕಿದ್ದಕ್ಕೆ ಇಷ್ಟೇ ಬೆಲೆಯೇ ಎಂದು ಎದೆ ಒಡೆಯಿತೋ? ಬೇಗ ಮಣ್ಣು ಬೀಳಲಿ ಎಂದು ಅವನ ಜೀವ ಹಾತೊರೆಯಿತು, ಹಾಗೆ ಹಾತೊರೆದದ್ದಕ್ಕೂ ಹೆದರಿತು.

ಮನೆಗೆ ಬಂದು ಕಾಲು ತೊಳೆದುಕೊಂಡು ಮೆಲ್ಲಗೆ ಜಾರಿಕೊಳ್ಳಬೇಕೆಂದಿದ್ದ. ಶರಣಕುಮಾರ ಒಳಗೆ ಕರೆದ. ಗದಿಗೆಮ್ಮ ಗೋಡೆಗೆ ಒರಗಿ ಕುಳಿತಿದ್ದಳು.

"ದರ ಆಗಿತ್ತಲ್ಲಪಾ," ಎಂದಳು. "ಮುಷ್ಟಿ ನೋಡಿ ತಿಳೀತು ನನಗ. ಅವರು ಕೈ ಬಿಗಿದ ಮ್ಯಾಲೆ ನಾವು ತಪ್ಪಂಗಿಲ್ಲ. ಎಷ್ಟಕ್ಕ ಆತು?"

ಅಪ್ಪ ಒಪ್ಪಿದ್ದೇ ಕಡೆಮಾತು, ಪೆಟ್ಟಿಗೆಯನ್ನು ಇವತ್ತೇ ಒಯ್ದರೂ ಆದೀತು ಎಂದು ಮಗನೂ ಸೇರಿಸಿದ. ಕಲ್ಲೇಶ ಒಳಗೇ ಲೆಕ್ಕ ಹಾಕಿದ. ನಲವತ್ತು ಸಾವಿರ ಎಂದರೆ ಪೆಟ್ಟಿಗೆ ತನ್ನದು; ಆದರೆ ಸಾಯುವವನ ಕೈಯಲ್ಲಿ ತಾನು ಇಟ್ಟದ್ದು ಎಷ್ಟು ಅಗ್ಗದ ದರವೆಂದು ಈಕೆಗೆ ತಿಳಿದುಬಿಡುತ್ತದೆ. ದರ ಆಗಿರಲಿಲ್ಲ ಎನ್ನೋಣವೆಂದರೆ ಆ ಮುಷ್ಟಿಯನ್ನು ಊರೆಲ್ಲ ನೋಡಿದೆ.

"ಸಂಕೋಚ ಮಾಡಬ್ಯಾಡ," ಎಂದಳು ಗದಿಗೆಮ್ಮ. "ನನಗ ರೊಕ್ಕದ ಚಿಂತಿಲ್ಲ. ಅವರ ಮನಸಿಗೆ ಬರೂವಂಥಾ ದರ ಹೌದೋ ಅಲ್ಲೋ, ಅಷ್ಟ ಹೇಳು."

"ಎರಡು ಲಕ್ಷ, ಕಾಕಿ," ಎಂದುಬಿಟ್ಟ ಕಲ್ಲೇಶ.

ಶರಣಕುಮಾರ ತಾಯಿಯ ಮುಖ ನೋಡಿದ. ಗದಿಗೆಮ್ಮ ಪೆಟ್ಟಿಗೆಯ ಕಹಳೆಯತ್ತ ತಿರುಗಿದಳು.

"ಎರಡು ಲಕ್ಷ," ಎಂದು ಮೆಲ್ಲಗೆ ತನಗೇ ಹೇಳಿಕೊಂಡಳು. "ಅಷ್ಟು ಕೇಳಿನ ಎದಿ ನಿಂತಿರಬೇಕು ಅವರದು." ದನಿಯಲ್ಲಿ ಸಿಟ್ಟಿರಲಿಲ್ಲ. "ಖುಷೀಲೆ ಹೋದ್ರು ಬಿಡು. ಯಾವ ಕೈಲೆ ಹೇಳಿದ್ಯಪಾ? ಕೊಡು ಇಲ್ಲೆ."

ಕೊಡದೆ ವಿಧಿಯಿರಲಿಲ್ಲ. ಆಕೆ ಅವನ ಬಲಗೈ ಬೆರಳುಗಳನ್ನು ಎರಡೂ ಕೈಯಿಂದ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಬೆರಳು ಒದ್ದೆಯಾದವು. ಕಲ್ಲೇಶ ಹಿಂದಕ್ಕೆಳೆದುಕೊಳ್ಳಲು ನೋಡಿದ, ಆಕೆ ಬಿಡಲಿಲ್ಲ.