ಹುಮನಾಬಾದಿನ ಕುಂಗ್‌ಫೂ ಉಸ್ತಾದ

ನನ್ನ ತಮ್ಮ ಕುನಾಲ ಎರಡು ವರ್ಷ ದಿನವೂ ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ ಒಬ್ಬ ಮನುಷ್ಯನ ಅಂಗಳ ಗುಡಿಸಿದ. ಅದನ್ನು ಅವನು ಕುಂಗ್‌ಫೂ ಎನ್ನುತ್ತಿದ್ದ.

ಆ ಮನುಷ್ಯ ಅನೀಲಕುಮಾರ. ಮೊದಲು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಆ ಕೆಲಸವೂ ಅವನಿಗೆ ನೆಟ್ಟಗೆ ಬರುತ್ತಿರಲಿಲ್ಲ. ಆಮೇಲೆ ಕೂದಲು ಬಿಟ್ಟು ಜುಟ್ಟು ಕಟ್ಟಿದ, ಅಸ್ತರಿನ ಬಟ್ಟೆಯಲ್ಲಿ ಕಪ್ಪು ನಿಲುವಂಗಿ ಹೊಲಿಸಿದ, ಎಲ್ಲರಿಂದಲೂ ಉಸ್ತಾದ್ ಎಂದು ಕರೆಸಿಕೊಳ್ಳತೊಡಗಿದ. ಚೀನಾದ ಬೆಟ್ಟದ ಮೇಲೆ ಏಳು ವರ್ಷ ಕಲಿತವನಂತೆ. ಅವನು ಹೈದರಾಬಾದ್ ದಾಟಿದವನಲ್ಲ ಎಂದು ಪಕ್ಕದ ಅಂಗಡಿಯ ಗೌಸ ನನಗೆ ನಗುತ್ತ ಹೇಳಿದ್ದ.

ನಾನು ಬಸವಕಲ್ಯಾಣದ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹನ್ನೊಂದು ವರ್ಷ ಜೂಡೊ ಆಡಿದ್ದೇನೆ, ಎರಡು ಸಲ ಹೆಗಲಿನ ಮೂಳೆ ಮುರಿದುಕೊಂಡಿದ್ದೇನೆ. ಹಾಗಾಗಿ ಅನೀಲಕುಮಾರನಂಥವರನ್ನು ಕಂಡರೆ ನನಗೆ ಬರುವುದು ಸಿಟ್ಟಲ್ಲ, ಹೇಸಿಗೆ.

ಕುನಾಲನ ತಲೆ ಕೆಡಿಸಿದ್ದು ಹಿಂದಿಗೆ ಡಬ್ ಆದ ಹಳೆಯ ಕುಂಗ್‌ಫೂ ಸಿನಿಮಾಗಳು. ಎಲ್ಲದರ ಕತೆಯೂ ಒಂದೇ. ಬಡ ಹುಡುಗ ಬೆಟ್ಟ ಹತ್ತಿ ಬಿಳಿ ಹುಬ್ಬಿನ ಮುದುಕನ ಕಾಲಿಗೆ ಬೀಳುತ್ತಾನೆ. ಮುದುಕ ಏನೂ ಕಲಿಸುವುದಿಲ್ಲ. ನೀರು ಹೊರಿಸುತ್ತಾನೆ, ಕಟ್ಟಿಗೆ ಒಡೆಸುತ್ತಾನೆ, ಬೈಯುತ್ತಾನೆ. ಮೂರು ವರ್ಷದ ಮೇಲೆ ಒಂದು ದಿನ ಹುಡುಗ ಕೈಯೆತ್ತಿದರೆ ನೀರು ಹೊತ್ತದ್ದೇ ಏಟಾಗಿ, ಕಟ್ಟಿಗೆ ಒಡೆದದ್ದೇ ಒದೆಯಾಗಿ ಹೊರಗೆ ಬರುತ್ತದೆ. ಅನೀಲಕುಮಾರ ಈ ಕತೆಯ ಮೊದಲರ್ಧವನ್ನಷ್ಟೇ ಚೆನ್ನಾಗಿ ಅರಿತಿದ್ದ. ಅವನು ಆಗ ಮನೆ ಕಟ್ಟಿಸುತ್ತಿದ್ದ. ಹದಿನೆಂಟು ಶಿಷ್ಯರು ಮರಳು ಹೊತ್ತರು, ಹೊಸ ಗೋಡೆಗಳಿಗೆ ನೀರು ಹೊಡೆದರು, ಇಟ್ಟಿಗೆ ಕೈಯಿಂದ ಕೈಗೆ ದಾಟಿಸಿದರು. ವಿದ್ಯೆ ಯಾವಾಗ ಎಂದು ಯಾರಾದರೂ ಕೇಳಿದರೆ, ಇನ್ನೂ ಸಮಯ ಬಂದಿಲ್ಲ ಎನ್ನುತ್ತಿದ್ದ.

ರಾಜೇಶ್ವರದಲ್ಲಿ ನಮ್ಮದು ಒಂದೂವರೆ ಎಕರೆ. ನಮ್ಮವ್ವ ಸುಮನಬಾಯಿ ಅದನ್ನೂ ನೋಡಿಕೊಂಡು ಕಂಡವರ ಹೊಲಕ್ಕೂ ಕೂಲಿಗೆ ಹೋಗುತ್ತಾಳೆ. ಒಂದು ಭಾನುವಾರ ನಾನು ಊರಿಗೆ ಹೋದಾಗ ರೊಟ್ಟಿ ತಟ್ಟುತ್ತ ಅವಳು ಅಂದಳು:

"ನಮ್ಮ ತೊಗರಿ ಹೊಲದಾಗ ಕಸ ತಗಿ ಅಂದ್ರ ಇವಂಗ ನಡ ನೋಯ್ತದ. ಅಲ್ಲಿ ಕಂಡವರ ಮನಿಗಿ ಮರಳ ಹೊರಾಕತ್ತಾನ. ನಡ ಯಾಕ ನೋಯಂಗಿಲ್ಲ ಕೇಳು."

ಕುನಾಲ ತನ್ನ ತಾಟಿಗೆ ರೊಟ್ಟಿ ಹಾಕಿಕೊಂಡ. ಕುಂಗ್‌ಫೂ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದುಕೊಂಡು ಬಾ ಎಂದು ಉಸ್ತಾದ್ ಹೇಳಿದ್ದಾರೆಂದು ಮಾತ್ರ ತಿಳಿಸಿದ. ಆ ದಿನ ಕುನಾಲನಿಗೆ ವಿದ್ಯೆಯ ಮೊದಲ ಗುಟ್ಟು ಹೇಳಿಕೊಡುವುದಿತ್ತಂತೆ. ಜೂಡೊದವಳೊಬ್ಬಳು ವೇದಿಕೆ ಮೇಲೆ ಕುಳಿತರೆ ಅನೀಲಕುಮಾರನಿಗೆ ಬೆಲೆ ಬರುತ್ತಿತ್ತು. ಅದು ಗೊತ್ತಿದ್ದೇ ನಾನು ಒಪ್ಪಿಕೊಂಡೆ.

ಕಾರ್ಯಕ್ರಮ ಅದೇ ಹೊಸ ಮನೆಯ ಅಂಗಳದಲ್ಲಿ. ಶಾಲು ಹೊದಿಸಿದರು. ಹುಡುಗರು ಗಾಳಿಗೆ ಗುದ್ದಿ ಕೂಗಿದರು. ಉಸ್ತಾದ್ ಕಣ್ಣು ಮುಚ್ಚಿ, ಉಸಿರೆಳೆದು, ಐದು ಹಂಚುಗಳನ್ನು ಒಂದೇ ಏಟಿಗೆ ಒಡೆದ. ನಾನು ಕಾಲ ಬಳಿ ಸಿಡಿದು ಬಿದ್ದ ಒಂದು ಚೂರನ್ನು ಎತ್ತಿ ನೋಡಿದೆ. ಕೆಳಗಡೆ ಗರಗಸದಿಂದ ಮೊದಲೇ ಗೀರಿದ್ದರು. ಪಕ್ಕದಲ್ಲಿ ನಿಂತಿದ್ದ ಕುನಾಲನಿಗೆ ತೋರಿಸಿದೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

ಆಗ ನಾನು ವೇದಿಕೆಯಿಂದ ಕೆಳಗಿಳಿದು ಉಸ್ತಾದನ ಎದುರು ನಿಂತೆ. ನನ್ನ ಕಾಲರ್ ಹಿಡಿದು ತೋರಿಸಿ ಎಂದೆ. ಹೆಣ್ಣುಮಕ್ಕಳ ಮೇಲೆ ತಾನು ಕೈ ಮಾಡುವುದಿಲ್ಲ, ತನ್ನ ವಿದ್ಯೆಯ ಏಟಿಗೆ ಎದುರಿನವರ ಜೀವವೇ ಹೋಗುತ್ತದೆ ಎಂದ.

"ಹಂಗಾರ ನಾನೇ ಹಿಡೀತೀನ್ರಿ. ನೀವು ಬಿಡಿಸಿಕೊಳ್ರಿ."

ತೋಳು ಹಿಡಿದು, ನನ್ನ ಕಾಲಿನಿಂದ ಅವನ ಕಾಲು ಗುಡಿಸಿದೆ. ನನ್ನ ಹತ್ತಿರ ಎಂಟನೇ ಇಯತ್ತೆಯ ಹುಡುಗಿಯರು ಮೊದಲ ತಿಂಗಳಲ್ಲಿ ಕಲಿಯುವ ಪಟ್ಟು ಅದು. ಅನೀಲಕುಮಾರ ಜೋಳದ ಚೀಲದಂತೆ ಬಿದ್ದ. ಗದ್ದ ಒಳಗೆಳೆದುಕೊಳ್ಳಲಿಲ್ಲ, ಕೈ ಊರಿದ, ಮಣಿಕಟ್ಟು ಉಳುಕಿತು. "ಯವ್ವಾ" ಎಂದು ಒದರಿದ್ದು ಮೈಕಿನಲ್ಲೂ ಕೇಳಿಸಿತು.

ಹದಿನೆಂಟು ಶಿಷ್ಯರೂ ಅದನ್ನು ನೋಡಿದರು, ಒಬ್ಬ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ಉಸ್ತಾದನ ಆಟ ಇನ್ನು ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವನು ನೆಲದ ಮೇಲೆ ಕುಳಿತು, ಮಣಿಕಟ್ಟು ಹಿಡಿದುಕೊಂಡೇ ಹೇಳಿದ:

"ನೋಡಿದ್ರೇನು? ಗುರು ಬೀಳೋದು ಹ್ಯಾಂಗ ಅಂತ ತೋರಿಸೀನಿ. ಇದೇ ಮೊದಲ ಗುಟ್ಟು."

ಒಬ್ಬ ಚಪ್ಪಾಳೆ ಹೊಡೆದ. ಆಮೇಲೆ ಎಲ್ಲರೂ ಹೊಡೆದರು. ಕುನಾಲನೂ ಹೊಡೆದ.

ಮರಳುವ ಬಸ್ಸಿನಲ್ಲಿ ಕುನಾಲ ನನ್ನ ಪಕ್ಕದಲ್ಲಿ ಕುಳಿತ. ನನ್ನ ಒಡಹುಟ್ಟಿದವನೆಂದು ಹೇಳಿಕೊಳ್ಳಲು ನಾಚಿಕೆಯಾಗಿತ್ತು. ಆ ಉಸ್ತಾದ ಕಳ್ಳನೆಂದು ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಮೊದಲ ವರ್ಷವೇ ಗೊತ್ತಾಗಿತ್ತು ಎಂದ. ಹಂಚು ಗೀರುವ ಕೆಲಸ ಕುನಾಲನದೇ ಅಂತೆ.

"ಮತ್ತ ಯಾಕ ಹೋಗ್ತಿ?"

ಅವನು ಕಿಟಕಿಯ ಹೊರಗೆ ನೋಡುತ್ತ ಮೆಲ್ಲಗೆ ಹೇಳಿದ: "ಅಲ್ಲಿ ಮರಳ ಹೊತ್ತರ ಒಂದಿನ ಏನರ ಆಗ್ತದ ಅನಸ್ತದ ಅಕ್ಕ. ಅವ್ವ ಮೂವತ್ತು ವರ್ಷ ಹೊತ್ತಾಳ. ಏನಾಗ್ಯದ?"

ನಾನು ಅವನನ್ನು ಬೈದೆ. ಸುಳ್ಳೆಂದು ತಿಳಿದೂ ಚಾಕರಿ ಮಾಡುವವನು ಮೋಸ ಮಾಡುವವನಿಗಿಂತ ಕೀಳು ಎಂದೆ. ರಾಜೇಶ್ವರ ಬಂತು. ಇಳಿಯುವ ಮುನ್ನ, ನಾಳೆಯಿಂದ ನಿನ್ನ ಹತ್ತಿರ ಬರಲೇ ಎಂದು ಕೇಳಿದ.

ಬಂದ. ಬೆಳಗಿನ ಆರಕ್ಕೆ ನನ್ನ ಶಾಲೆಯ ಸಭಾಂಗಣದಲ್ಲಿ, ಹುಡುಗಿಯರ ಸಾಲಿನ ಕೊನೆಗೆ ನಿಲ್ಲಿಸಿ ಬೀಳಿಸಿದೆ. ಬೆನ್ನಿನ ಮೇಲೆ, ಮಗ್ಗುಲಿಗೆ, ಮುಂದಕ್ಕೆ. ಗದ್ದ ಒಳಗೆ, ಅಂಗೈ ಚಾಪೆಗೆ ಬಡಿಯಬೇಕು. ದಿನಕ್ಕೆ ನೂರು ಸಲ. ಐದನೆಯ ದಿನ, ಬೀಳುವುದಾದ ಮೇಲೆ ಏನು ಎಂದು ಕೇಳಿದ. ಮತ್ತೆ ಬೀಳುವುದು ಎಂದೆ. ಒಂಬತ್ತು ದಿನ ಬಿದ್ದ. ಹತ್ತನೆಯ ದಿನ ಬರಲಿಲ್ಲ. ಹುಮನಾಬಾದಿಗೆ ಹೋದನೆಂದು ಅವ್ವ ಫೋನಿನಲ್ಲಿ ತಿಳಿಸಿದಳು. ಉಗುಳಬೇಕೆನಿಸಿತು.

ಎರಡು ತಿಂಗಳ ಮೇಲೆ ಶಾಲೆಗೆ ಚಾಪೆ ಕೊಳ್ಳಲು ಹುಮನಾಬಾದಿಗೆ ಹೋಗಿದ್ದೆ. ಕಾಲುಗಳು ಆ ಅಂಗಳದ ಕಡೆಗೇ ನಡೆದವು. ಗೇಟಿನ ಸಂದಿಯಿಂದ ನೋಡಿದೆ. ಅನೀಲಕುಮಾರ ಮಣಿಕಟ್ಟಿಗೆ ಇನ್ನೂ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ. ಶಿಷ್ಯರು ಮೂವತ್ತರ ಮೇಲಾಗಿದ್ದರು. ಹೊಸಬರು ಅವನು ಬಿದ್ದ ವಿಡಿಯೋ ನೋಡಿ ಬಂದವರಂತೆ, ಆಮೇಲೆ ಗೌಸ ಹೇಳಿದ.

ನಡುವೆ ಹರಡಿದ ಹುಲ್ಲಿನ ಮೇಲೆ ಕುನಾಲ ಅವರಿಗೆ ಬೀಳುವುದನ್ನು ಕಲಿಸುತ್ತಿದ್ದ. ಒಬ್ಬನ ತಲೆ ಹಿಂದಕ್ಕೆ ವಾಲಿದ್ದು ಕಂಡು ನಿಲ್ಲಿಸಿದ, ಎರಡು ಬೆರಳಿನಿಂದ ಅವನ ಗದ್ದವನ್ನು ಎದೆಗೆ ಒತ್ತಿದ, ಮತ್ತೆ ಬೀಳಿಸಿದ. ಒಂದು ತಪ್ಪೂ ಇರಲಿಲ್ಲ. ಇದು ತಾನು ಚೀನಾದಿಂದ ತಂದ ಗುಟ್ಟು ಎಂದು ಅನೀಲಕುಮಾರ ಕುರ್ಚಿಯಿಂದಲೇ ಹೇಳಿದ.

ಕುನಾಲ ನನ್ನನ್ನು ಕಂಡ. ಕೈಯೆತ್ತಲಿಲ್ಲ, ಮುಖ ತಿರುಗಿಸಲೂ ಇಲ್ಲ. ಮುಂದಿನವನನ್ನು ಕರೆದ. ಆ ಹುಡುಗ ಬೀಳುವವರೆಗೆ ನಿಂತು ನೋಡಿ, ನಾನು ಚಾಪೆ ಅಂಗಡಿಯ ದಾರಿ ಹಿಡಿದೆ.