ಒಂದನೇ ಜ್ವರದ ಅಪ್‌ಡೇಟ್

ನನ್ನ ಬಾಯಿಗೆ ಸಿಕ್ಕ ಗಾದೆಗಳು ಕೈಕಾಲು ಮುರಿದುಕೊಳ್ಳುತ್ತವೆ. ಆದ್ದರಿಂದ ಗಾದೆಯ ತಂಟೆಗೆ ಹೋಗದೆ, ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಶಿಡ್ಲಘಟ್ಟದ ಹೊರಗೆ ಚೆನ್ನರಾಯಪ್ಪನವರ ಚಾಕಿ ಕೇಂದ್ರವಿದೆ. ರೇಷ್ಮೆಹುಳು ಪೊರೆ ಕಳಚುವ ಮುನ್ನ ಒಂದು ದಿನ ಮೇವು ಬಿಟ್ಟು ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎಳೆಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕಳಿಸುವುದು ಕೇಂದ್ರದ ಕೆಲಸ. ಯಾರಿಗೆ ಎಷ್ಟು ಹುಳು, ಯಾವ ಗಂಟೆಗೆ, ಕೋಣೆಯ ಶಾಖ ಎಷ್ಟು, ಎಲ್ಲವೂ ಅಲ್ಲಿನ ಸರ್ವರಿನಲ್ಲಿರುತ್ತದೆ. ಅದನ್ನು ನೋಡಿಕೊಳ್ಳುವವನು ನಾನು, ಮಧುಸೂದನ್.

ಕಳೆದ ಸಲ ನಾನು ಹಾಕಿದ ಅಪ್‌ಡೇಟ್, ಹುಳು ಸಾಗಿಸುವ ಬೆಳಿಗ್ಗೆಯೇ ಸರ್ವರನ್ನು ಮಲಗಿಸಿತು. ಮೂರು ಟೆಂಪೊ ಬಿಸಿಲಲ್ಲಿ ನಿಂತವು. ಎದ್ದ ಮೇಲೆ ಅದು ಎಲ್ಲರ ಪಾಸ್‌ವರ್ಡ್ ಮತ್ತೆ ಕೇಳಿತು. ಮರೆತ ಪಾಸ್‌ವರ್ಡಿಗಾಗಿ ರೈತ ಬಯ್ಯಪ್ಪ ಚಿಂತಾಮಣಿ ಕಡೆಯಿಂದ ಬಸ್ಸು ಹತ್ತಿ ಬಂದರು.

ಈಗ ಮತ್ತೊಂದು ಅಪ್‌ಡೇಟ್ ಬಂದಿತ್ತು. ಹಾಕದಿದ್ದರೆ ಯಾರು ಬೇಕಾದರೂ ನುಗ್ಗಿ ಪಟ್ಟಿ ಕೆಡಿಸಬಹುದಾದ ಕಿಂಡಿ ತೆರೆದೇ ಇರುತ್ತಿತ್ತು.

“ಬೀಗ ಹಾಕ್ತೀನಿ ಅಂತ ನನ್ನನ್ನೇ ಆಚೆ ನಿಲ್ಲಿಸ್ತೀಯಲ್ಲೋ,” ಎಂದರು ಚೆನ್ನರಾಯಪ್ಪ. “ನನಗೆ ಗೊತ್ತಾಗದಂಗೆ ಹಾಕೋದಾದ್ರೆ ಹಾಕಪ್ಪ. ಗೊತ್ತಾಯ್ತೋ, ಕಂಪ್ಯೂಟರ್ ಗುಜರಿಗೆ, ನೀನು ಮನೆಗೆ.”

ಯೋಚಿಸಿದೆ. ಇಷ್ಟು ದಿನ ನನ್ನ ಬಿಡುವು ನೋಡಿ ಅಪ್‌ಡೇಟ್ ಹಾಕುತ್ತಿದ್ದೆ. ಬಳಸುವವರ ಬಿಡುವು ಯಾವಾಗ ಎಂದು ಒಮ್ಮೆಯೂ ಕೇಳಿರಲಿಲ್ಲ. ಸೊಪ್ಪು ಹಾಕುವ ಮುನಿಲಕ್ಷ್ಮಿ ಅಕ್ಕನನ್ನು ಕೇಳಿದೆ.

“ಒಂದನೇ ಜ್ವರಕ್ಕೆ ಕೂತಾಗ ಮಾಡ್ಕೊಳಪ್ಪ. ಅವತ್ತು ಸೊಪ್ಪು ಹಾಕಲ್ಲ, ತಟ್ಟೆ ಮುಟ್ಟಲ್ಲ, ರೈತರೂ ಏನೂ ಕೇಳಲ್ಲ. ಪೊರೆ ಬಿಡಕ್ಕೆ ಹುಳಾನೇ ಒಂದಿನ ಸುಮ್ನಿರ್ತದೆ. ನಿನ್ನ ಡಬ್ಬಕ್ಕೇನು ದೊಡ್ಡರೋಗ?”

ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲು ಹಾಕಿ ಪರೀಕ್ಷಿಸಿದೆ. ಜ್ವರದ ದಿನ ಸರ್ವರಿನ ಕೆಲಸವನ್ನೆಲ್ಲ ಅದಕ್ಕೊಪ್ಪಿಸಿ, ಸರ್ವರಿನ ಕಿಂಡಿ ಮುಚ್ಚಿ, ಕೆಲಸ ವಾಪಸು ಕೊಟ್ಟೆ. ಪರದೆಯ ಮೇಲೆ ಒಂದು ಗುಂಡಿಯೂ ಜಾಗ ಬಿಡಲಿಲ್ಲ, ಯಾರ ಪಾಸ್‌ವರ್ಡೂ ಕೇಳಲಿಲ್ಲ. ಚೆನ್ನರಾಯಪ್ಪ ಪಕ್ಕದಲ್ಲೇ ಶಾಖದ ಅಂಕಿ ನೋಡುತ್ತ ಕಡಲೆಕಾಯಿ ಬಿಡಿಸುತ್ತಿದ್ದರು.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಯಾರ ದನಿಯನ್ನಾದರೂ ಅಣಕಿಸುವ ನನ್ನ ಗಂಟಲು ಬಿಡಬೇಕಲ್ಲ! ಹುಳು ಸಾಗಿಸುವ ದಿನ ಹಿತ್ತಲಿಗೆ ಹೋಗಿ, ಮುನಿಲಕ್ಷ್ಮಿ ಅಕ್ಕನ ಮಗಳ ಫೋನಿನಿಂದ ಚೆನ್ನರಾಯಪ್ಪನವರಿಗೆ ಕರೆ ಮಾಡಿ ಬೆಂಗಳೂರಿನ ಇಂಜಿನಿಯರನಾದೆ.

“ಸರ್, ಸೆಕ್ಯುರಿಟಿ ಅಪ್‌ಡೇಟ್ ಈಗ ಸ್ಟಾರ್ಟ್ ಆಗ್ತಾ ಇದೆ. ಕೈಂಡ್ಲಿ ಕೋಆಪರೇಟ್ ಮಾಡಿ.”

“ಇವತ್ತಾ! ಹುಳ ಟೆಂಪೋದಾಗದೆ ಕಣಯ್ಯಾ!”

ಏನೂ ಗೊತ್ತಿಲ್ಲದವನಂತೆ ಒಳಬಂದೆ. ಅವರು ಪರದೆಗೆ ಮೂಗು ತಾಗಿಸಿ ಕೂತಿದ್ದರು. “ನೋಡೋ ಮಧು, ಆಗಲೇ ಅಕ್ಷರ ಸಣ್ಣಗಾಗೋದ್ವು. ಬಣ್ಣಾನೂ ಮಾಸೋಯ್ತು.” ಹೀಗೆ ಬಯ್ಯುತ್ತಲೇ ಪಟ್ಟಿ ತೆಗೆದರು, ಬಯ್ಯುತ್ತಲೇ ಟೆಂಪೊ ಕಳಿಸಿದರು. ಎಂಟು ಗಂಟೆಗೆ ಮುಂಚೆ ಮೂರೂ ಹೊರಟಿದ್ದವು.

“ಯಾವಾಗ ಮುಗೀತದಂತೆ ಅದು?”

“ಮುಗ್ದು ಮೂರು ದಿನ ಆಯ್ತು ಸಾರ್. ನೀವು ಕಡಲೆಕಾಯಿ ತಿಂತಿದ್ರಲ್ಲ, ಆಗ.”

“ಮತ್ತೆ ಫೋನ್ ಮಾಡಿದ ಇಂಜಿನಿಯರು?”

ಗಂಟಲು ಸರಿಮಾಡಿಕೊಂಡೆ. “ಕೈಂಡ್ಲಿ ಕೋಆಪರೇಟ್ ಮಾಡಿ ಸರ್.”

ಅವರು ನನ್ನನ್ನು ನೋಡಿದರು, ಮಾಸಿಹೋಗಿದ್ದ ಬಣ್ಣವನ್ನು ನೋಡಿದರು. ನಾನೂ ಬಾಗಿಲಲ್ಲಿ ನಿಂತಿದ್ದ ಅಕ್ಕನೂ ಕಿಸಕ್ಕೆಂದೆವು. ಆಮೇಲೆ ಅವರ ಹೊಟ್ಟೆಯಿಂದ ಎದ್ದ ನಗುವಿನ ಮುಂದೆ ನಮ್ಮದು ಕೇಳಿಸಲೇ ಇಲ್ಲ.

“ಮೆಲ್ಲಗೆ ಸಾರ್,” ಅಕ್ಕ ಒಳಕೋಣೆ ತೋರಿಸಿದರು. “ತಡವಾಗಿ ಕೂತ ಒಂದಷ್ಟು ಹುಳ ಇನ್ನೂ ಎರಡನೇ ಜ್ವರದಾಗವೆ!”

ಚೆನ್ನರಾಯಪ್ಪ ಬಾಯಿಗೆ ಟವೆಲ್ ಒತ್ತಿಕೊಂಡರು. ನಗು ಟವೆಲನ್ನೂ ಮೀರಿ ಬಂತು.