ರಾಕ್ಷಸನ ಅಂಗಿಗೆ ಏಳು ಹಂಡೆ ಗಂಜಿ

ಬಟ್ಟೆ ಒಗೆಯುವ ಅಜ್ಜಿಗೆ ಇದ್ದದ್ದು ಒಂದೇ ಚಟ, ಗಂಜಿ. ಒಂದು ಸೌಟು ಸಾಕಾದ ಕಡೆ ನಾಲ್ಕು ಸುರಿಯುತ್ತಿದ್ದಳು. ಅವಳು ಒಗೆದ ಪ್ಯಾಂಟುಗಳು ಯಜಮಾನರ ಕಾಲಿಲ್ಲದೆಯೇ ಗೋಡೆಗೊರಗಿ ನಿಲ್ಲುತ್ತಿದ್ದವು. ಬೀದಿಯವರು ಎಷ್ಟು ಗೊಣಗಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಬೈಗುಳ ಕೇಳಿಸಿಕೊಳ್ಳುವುದೆಲ್ಲ ಮೊಮ್ಮಗಳು ಚೋಟುವಿನ ಪಾಲಿನ ಕೆಲಸ.

ಗಿರಾಕಿಗಳಲ್ಲಿ ಬೆಟ್ಟದಾಚೆಯ ರಾಕ್ಷಸ ಮಾತ್ರ ಗೊಣಗುವ ಜಾತಿಯವನಲ್ಲ. ಒಂದು ಬೆಳಿಗ್ಗೆ ಕತ್ತು ಕೆರೆದುಕೊಳ್ಳುತ್ತ ಬಂದವನೇ ಅಜ್ಜಿಯನ್ನು ಎರಡು ಬೆರಳಲ್ಲಿ ಎತ್ತಿದ.

“ನಿನ್ನ ಕಾಲರ್ ಚುಚ್ಚಿ ಚುಚ್ಚಿ ಮೂರು ದಿನದಿಂದ ನಿದ್ದೆ ಇಲ್ಲ! ಇವತ್ತಿನ ಊಟಕ್ಕೆ ನೀನೇ,” ಎಂದು ಜೇಬಿಗೆ ಇಳಿಬಿಟ್ಟ.

ಚೋಟು ಓಡಿಬಂದು ಅವನಿಗೆ ಅಡ್ಡ ನಿಂತಳು. ಅಜ್ಜಿಯನ್ನು ಬಿಟ್ಟರೆ ಅವಳಿಗೆ ಇನ್ಯಾರೂ ಇರಲಿಲ್ಲ. ತಲೆ ಮೇಲೆತ್ತಿ ಕೂಗಿದಳು.

“ಈ ಕೊಳಕು ಅಂಗೀಲಿ ಊಟಕ್ಕೆ ಕೂರ್ತೀಯಾ ಮಾವ? ನೋಡಿದವರು ಏನಂದಾರು! ಕೊಡು, ಬೆಣ್ಣೆ ಥರ ಮೆತ್ತಗೆ ಮಾಡ್ಕೊಡ್ತೀನಿ. ಮೊದಲು ಜೇಬು ಖಾಲಿ ಮಾಡು, ನಮ್ಮ ಕಸುಬಲ್ಲಿ ಅದೇ ನಿಯಮ.”

‘ಮಾವ’ ಎಂದದ್ದಕ್ಕೇ ರಾಕ್ಷಸ ಅರ್ಧ ಕರಗಿದ. ಆದರೂ ಅವನೇನು ಹುಂಬನಲ್ಲ. ಅಜ್ಜಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅಂಗಿ ಬಿಚ್ಚಿದ.

‘ಗಂಜಿ ಸಾಕು ಅಜ್ಜಿ’ ಎಂದು ದಿನಾ ಬೇಡಿಕೊಳ್ಳುತ್ತಿದ್ದ ಚೋಟು ಅಂದು ಅಜ್ಜಿ ಕಾಯಿಸಿಟ್ಟಿದ್ದ ಏಳು ಹಂಡೆ ಗಂಜಿಯನ್ನೂ ಆ ಅಂಗಿಗೆ ಕುಡಿಸಿದಳು.

ರಾಕ್ಷಸ ಮುಟ್ಟಿ ನೋಡಿದ. ಒದ್ದೆ ಬಟ್ಟೆ, ಮೆತ್ತಗೇ ಇತ್ತು. “ಭೇಷ್!” ಎಂದ.

“ಮೈಮೇಲೇ ಒಣಗ್ಲಿ ಮಾವ, ಅಳತೆಗೆ ಸರಿಯಾಗಿ ಕೂರುತ್ತೆ. ಕೈ ಅಗಲಿಸಿ ಬಿಸಿಲಲ್ಲಿ ನಿಂತ್ಕೋ. ಅಲ್ಲಾಡಿದ್ರೆ ಸುಕ್ಕು ಬೀಳುತ್ತೆ ನೋಡು!”

ಅಂಗಿ ತೊಟ್ಟು, ಅಜ್ಜಿಯನ್ನು ಮತ್ತೆ ಜೇಬಿಗೆ ಹಾಕಿ, ಉಸಿರು ಬಿಗಿಹಿಡಿದು ನಿಂತ. ಮಧ್ಯಾಹ್ನ ಹಸಿವಾಯಿತು. ಜೇಬಿಗೆ ಕೈ ಹಾಕಹೋದರೆ ಮೊಣಕೈ ಮಡಚಲಿಲ್ಲ. ಬಗ್ಗಹೋದರೆ ಸೊಂಟ ಬಗ್ಗಲಿಲ್ಲ. “ಏಯ್!” ಎಂದು ಬಾಯಿ ತೆರೆದ, ಕಾಲರ್ ಗದ್ದಕ್ಕೆ ಚುಚ್ಚಿತು.

ಚೋಟು ಒಂದೊಂದೇ ಗುಂಡಿ ಹಿಡಿದು ಹತ್ತಿದಳು. ಮೇಲೆ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಕೈ ಬೆವರಿ ಎರಡು ಸಲ ಜಾರಿದಳು, ಮತ್ತೆ ಹತ್ತಿದಳು. ಅಷ್ಟರಲ್ಲಿ ಕೆಳಗೆ ಬೀದಿಯವರು ಅವನ ಚಾಚಿದ ತೋಳುಗಳ ಮೇಲೆ ತಮ್ಮ ಒದ್ದೆ ಬಟ್ಟೆ ಎಸೆದು ಒಣಹಾಕತೊಡಗಿದ್ದರು.

ಜೇಬಿಗೆ ಇಳಿದವಳೇ ಚೋಟು ಅಜ್ಜಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಜ್ಜಿ ಒಂದು ಕೈಯಲ್ಲಿ ಅವಳ ಬೆನ್ನು ಸವರುತ್ತ, ಇನ್ನೊಂದರಲ್ಲಿ ಜೇಬಿನ ಮೂಲೆಯನ್ನು ತಿಕ್ಕಿ ನೋಡಿದಳು.

“ಇಲ್ಲಿ ಇನ್ನೂ ಮೆತ್ತಗಿದೆಯಲ್ಲೇ! ಒಂದು ಸೌಟು ಕಮ್ಮಿ ಹಾಕಿದೀಯ.”